ಗಾಜಿನ ಎಳೆಯ ತುದಿಯಲ್ಲಿ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ... ಇದು ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಟೆಲಿಫೋನ್ ಕಟ್ಟಡದಲ್ಲಿ ಫೈಬರ್ ಕೆಲಸ ಅವನದು. ಮನೆಯಲ್ಲಿ ಎಲ್ರೂ ಅವನನ್ನ 'ತಂತಿ' ಅಂತಲೇ ಕರೆಯೋದು. ಆಳೂ ಹಾಗೇ ಇದಾನೆ.

ಅವತ್ತು ಪಾಳಿ ಮುಗಿಸಿ, ರಾತ್ರಿ ಒಂದು ಗಂಟೆಗೆ ನಡ್ಕೊಂಡು ಮನೆಗೆ ಹೊರಟಿದ್ದ. ಜಾಲರಿ ಮುಚ್ಚಿದ ಹಳೇ ಬಾವಿ ದಾಟಬೇಕು... ಮೊಬೈಲ್ ಗುರ್ರ್ ಅಂತು. ಕಂಟ್ರೋಲ್ ರೂಮಿನ ಮೇಡಂ.

"ವಾಪಸ್ ಬನ್ನಿ. ಹನ್ನೊಂದನೇ ಲೈನ್ ಸತ್ತಿದೆ. ಆಂಬುಲೆನ್ಸ್ ಕರೆಗಳೆಲ್ಲ ಅದರಲ್ಲೇ ಹೋಗೋದು. ಮಾಡ್ಯೂಲ್ ಬದಲಾಯಿಸಬೇಕು."

ಓಡಿದ.

ಮಾಡ್ಯೂಲ್ ಅಂದ್ರೆ ಬೆರಳುದ್ದದ ಲೋಹದ ತುಂಡು. ರೌಟರಿನ ಗೂಡಲ್ಲಿ ಕೂತು, ಗಾಜಿನ ಎಳೆಯಲ್ಲಿ ಬರೋ ಬೆಳಕನ್ನ ಮಾತು ಮಾಡೋದು ಅದೇ. ಬದಲಾಯಿಸೋದು ಎರಡು ನಿಮಿಷದ ಕೆಲಸ. ಆದ್ರೆ ಒಂದು ಕಟ್ಟುನಿಟ್ಟಿನ ನಿಯಮ... ಎಳೆಯ ಬಾಯಿಗೆ ಕಣ್ಣಿಡಬಾರದು. ಆ ಬೆಳಕು ಕಾಣಿಸೋದಿಲ್ಲ. ಕಣ್ಣು ಮಾತ್ರ ಸುಟ್ಟು ಹೋಗುತ್ತೆ.

ಮೊಬೈಲನ್ನ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟ.

"ಆ ತುದಿಯ ಬೆಳಕು ಆರಿಸಿದೀನಿ," ಅಂದ್ರು ಮೇಡಂ. "ನೀವು ಹೇಳಿದ ಮೇಲೆ ಹಚ್ತೀನಿ."

ಮೈಯಿಂದ ಕಿಡಿ ಹಾರದ ಹಾಗೆ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದರ ವೈರನ್ನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿದ. ಎಳೆ ಕಿತ್ತ. ಟಿಕ್. ಕೊಂಡಿ ಬಗ್ಗಿಸಿ ಹಳೇ ಮಾಡ್ಯೂಲ್ ಎಳೆದ. ಸರಕ್. ಫ್ಯಾನುಗಳು ಹುಂ... ಅಂತ ಒಂದೇ ಸಮ ತಿರುಗ್ತಿದ್ದವು. ಎಳೆಯ ಬಾಯಿಗೆ ಮುಚ್ಚಳ ಹಾಕೋಕೆ ಹೋದ...

"ಅಣ್ಣಾ... ಮುಚ್ಚಬೇಡ್ವೋ."

ಪಿಸುಮಾತು. ಎಳೆಯ ಬಾಯಿಂದ.

ತಂಗಿ ದನಿ. ಹೋದ ವರ್ಷ ತೀರಿಕೊಂಡವಳು. ಎದೆನೋವು ಅಂತ ಆ ರಾತ್ರಿ ಏಳು ಸಲ ಫೋನ್ ಮಾಡಿದ್ಲು. ಇವನು ಇದೇ ರೂಮಲ್ಲಿ, ಮೊಬೈಲ್ ಸೈಲೆಂಟಲ್ಲಿಟ್ಟು ಕೆಲಸ ಮಾಡ್ತಿದ್ದ.

"ಒಂದ್ಸಲ ನೋಡೋ... ಇಲ್ಲೇ ಇದೀನಿ."

ಕೈ ತಾನಾಗೇ ಮೇಲೆದ್ದಿತು. ಕಣ್ಣಿಗೆ ಒಂದು ಗೇಣು... ನಾಲ್ಕು ಬೆರಳು... ಕಣ್ಣು ಬಿಗಿಯಾಗಿ ಮುಚ್ಕೊಂಡ. ತುದಿಯನ್ನ ಕಿವಿಗೆ ಹಿಡಿದ.

"ಎತ್ತಿದೀನಿ ಕಣೇ. ಮಾತಾಡು."

"ಹಲೋ... ಅಣ್ಣಾ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ!"

"ಹಲೋ... ಯಾರೂ ಎತ್ತುತ್ತಾ ಇಲ್ವಲ್ಲ..."

ಕೂಗಿದ, ಬೇಡ್ಕೊಂಡ, ಅತ್ತ. ಅವಳಿಗೆ ಒಂದು ಮಾತೂ ಮುಟ್ಟಲಿಲ್ಲ.

"ಏನ್ರೀ ಮಾಡ್ತಿದೀರಾ?" ಮೇಡಂ ಕಿರುಚಿದ್ರು. "ಆಂಬುಲೆನ್ಸಿಗೆ ಜನ ಕರೀತಿದಾರೆ ರೀ, ಒಂದೂ ಹೋಗ್ತಿಲ್ಲ!"

ಎಲ್ಲೋ ಇನ್ಯಾರದೋ ತಂಗಿ... ಏನು ಮಾಡ್ತಾನೆ ಪಾಪ? ಹೊಸ ಮಾಡ್ಯೂಲನ್ನ ಗೂಡಿಗೆ ತಳ್ಳಿದ. ಟಕ್. ಎಳೆಯ ತುದಿ ಒರೆಸಿದ. ಅವಳಿನ್ನೂ ಹಲೋ ಹಲೋ ಅಂತಿದ್ಲು. ಹಾಗೇ ಸಿಕ್ಕಿಸಿದ. ಟಿಕ್.

ದನಿ ನಿಂತಿತು. ಆ ತುದಿಯಿಂದ ಬೆಳಕು ಬಂದ್ರೆ ಮಾತ್ರ ಹತ್ತೋ ರೌಟರಿನ ದೀಪ ಹಸಿರಾಯ್ತು.

"ಆಯ್ತು ಮೇಡಂ... ಹಸಿರು ಬಂತು."

ಆ ಕಡೆ ಕೀಬೋರ್ಡ್ ಟಕಟಕ ಅಂತು.

"ಹೇಗೆ ಬರುತ್ತೆ ರೀ? ನಾನಿನ್ನೂ ಬೆಳಕು ಹಚ್ಚೇ ಇಲ್ಲ..."

ಆಮೇಲೆ ಅವರು ಹಚ್ಚಿದ್ರು, ಕರೆಗಳು ಹೋದವು. ಬೆಳಗಾಗೋವರೆಗೂ ಇವನು ಆ ಎಳೆಯ ಮುಂದೆ ನೆಲದ ಮೇಲೆ ಕೂತೇ ಇದ್ದ. ಕೀಳೋ ಹಾಗಿಲ್ಲ, ಬಿಟ್ಟು ಹೋಗೋಕೂ ಮನಸ್ಸಿಲ್ಲ.

ಕೆಟ್ಟಿದೆ ಅಂತ ತೆಗೆದ ಹಳೇ ಮಾಡ್ಯೂಲನ್ನ ರಿಪೇರಿಗೆ ಕಳಿಸಿದ್ರು. ಮೂರು ವಾರಕ್ಕೆ ವಾಪಸ್ ಬಂತು, ಜೊತೆಗೊಂದು ಚೀಟಿ. ಆಣೆ ಮಾಡಿ ಹೇಳ್ತೀನಿ, ಆ ಚೀಟಿ ನಾನೇ ನನ್ನ ಕಣ್ಣಾರೆ ಓದಿದೀನಿ. ಬರೆದಿದ್ದು ಇಷ್ಟೇ:

'ಪರೀಕ್ಷಿಸಲಾಗಿದೆ. ಯಾವ ದೋಷವೂ ಇಲ್ಲ.'