ತಂಗಿ ಮುಟ್ಟದ ನೀಲಿ ಗಾಜು

ಆಸೆ ಕೆಟ್ಟದ್ದು ಎಂದು ನಾನು ಇವತ್ತು ಹೇಳುವುದಿಲ್ಲ. ಚೆಲುವಾದದ್ದನ್ನು ಕಂಡು ಮನಸ್ಸು ಸೋತರೆ ಅದು ಪಾಪವೇ? ಅಲ್ಲ. ಆದರೆ ಆ ಚೆಲುವು ಮನೆಯೊಳಗೆ ಬಂದಾಗ ಮನೆಯಿಂದ ಯಾರು ಹೊರಗೆ ಹೋದರು? ಅದನ್ನು ಕೇಳಿಕೊಳ್ಳಬೇಕು.

ಗದಗದಲ್ಲಿ ಒಬ್ಬ ಶ್ರೀಮಂತನಿದ್ದ. ಮಹಾರುದ್ರಪ್ಪ ಎಂದು ಹೆಸರು, ಹತ್ತಿ ವ್ಯಾಪಾರ. ಕುಡಿತವಿಲ್ಲ, ಇಸ್ಪೀಟಿಲ್ಲ, ಮದುವೆಯೂ ಇಲ್ಲ. ಅವನಿಗಿದ್ದ ಹುಚ್ಚು ಒಂದೇ, ಗಾಜು. ಪೇಟೆಯಲ್ಲಿ ಸಿಗುವ ಗಾಜಲ್ಲ ಮತ್ತೆ. ಸ್ವೀಡನ್, ಫಿನ್ಲೆಂಡ್ ಎಂಬ ಚಳಿ ದೇಶಗಳಿವೆಯಲ್ಲ, ಅಲ್ಲಿ ಐವತ್ತು ಅರವತ್ತರ ದಶಕದಲ್ಲಿ ಕುಶಲಿಗರು ಕೊಳವೆಯಿಂದ ಊದಿ ಮಾಡಿದ ಹೂದಾನಿ, ಬಟ್ಟಲು. ಹೊರಗೆ ತಿಳಿನೀರಿನಂಥ ದಪ್ಪ ಗಾಜು, ಒಳಗೆ ಬಣ್ಣ ಮುಳುಗಿ ಕೂತ ಹಾಗೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹೀಗೆ ಬಂದು ಹಾಗೆ ಹೋಗುತ್ತಾನಂತೆ. ಅಷ್ಟು ಬೆಳಕೂ ಪೋಲಾಗದಿರಲಿ ಎಂದು ಕಿಟಕಿಯಲ್ಲಿ ಇಂಥ ಗಾಜು ಇಡುತ್ತಾರಂತೆ.

ಅವನಿಗೆ ಪಾರವ್ವ ಎಂಬ ಒಬ್ಬಳೇ ತಂಗಿ. ನರಗುಂದಕ್ಕೆ ಕೊಟ್ಟಿದ್ದರು. ನಾಗರಪಂಚಮಿಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಬರುವಳು. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟುವರು. ಮಕ್ಕಳು "ಮಾಮಾ, ಮಾಮಾ" ಎನ್ನುತ್ತ ಅವನ ಹೆಗಲೇರುವರು.

ಒಂದು ಪಂಚಮಿಯಲ್ಲಿ ಪಾರವ್ವನ ಪುಟ್ಟ ಮಗಳು ಒಂದು ಹಸಿರು ಬಟ್ಟಲನ್ನು ಮುಟ್ಟಿದಳು. ಒಡೆಯಲಿಲ್ಲ, ನೋಡಿ. ಬಿರುಕೂ ಬಿಡಲಿಲ್ಲ. ಉಂಡಿಯ ಜಿಡ್ಡು ಹತ್ತಿದ ಬೆರಳಿನ ಗುರುತು ಬಿತ್ತು, ಅಷ್ಟೇ. ಮಹಾರುದ್ರಪ್ಪ ಮೆತ್ತನೆ ಬಟ್ಟೆಯಿಂದ ಅದನ್ನು ಒರೆಸುತ್ತ ಒರೆಸುತ್ತ, ತಲೆ ಎತ್ತದೆ ಹೇಳಿದ: "ಪಾರವ್ವಾ, ಮುಂದಿನ ವರ್ಷ ಹುಡುಗರನ್ನ ಅಲ್ಲೇ ಬಿಟ್ಟು ಬಾರವಾ."

"ಆತಣ್ಣಾ" ಎಂದಳು ಪಾರವ್ವ.

ಸಿಟ್ಟಿಲ್ಲ, ಅಳುವಿಲ್ಲ. ಆದರೆ ಮರುವರ್ಷ ಅವಳು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಬಂದವರ ಕೈಯಲ್ಲಿ ಉಂಡಿ ಕಳಿಸಿದಳು. ಅವನು ಉಂಡಿ ತಿಂದ. ತಂಗಿ ಯಾಕೆ ಬರಲಿಲ್ಲ ಎಂದು ಕೇಳಿದನೇ? ಕೇಳಲಿಲ್ಲ. ಅವನ ಮನಸ್ಸೆಲ್ಲ ಒಂದು ನೀಲಿ ಹೂದಾನಿಯ ಮೇಲಿತ್ತು. ಸಣ್ಣ ಕೊರಳು, ತುಂಬು ಹೊಟ್ಟೆ, ಒಳಗೆ ಹೊತ್ತು ಮುಳುಗಿದ ಮೇಲಿನ ಬಾನಿನ ನೀಲಿ. ಚಿತ್ರದಲ್ಲಿ ನೋಡಿದ್ದ. ಮುಂಬಯಿಯ ವ್ಯಾಪಾರಿಗೆ ಹೇಳಿಟ್ಟು ಹದಿನೆಂಟು ಇಪ್ಪತ್ತು ವರ್ಷ ಕಾದ. ಉಣ್ಣುವಾಗ ಅದು, ಮಲಗುವಾಗ ಅದು.

ಕೊನೆಗೆ ಬಂತು. ಪೆಟ್ಟಿಗೆ ಬಿಚ್ಚಿದ. ಬುಡ ತಿರುಗಿಸಿ, ಮಾಡಿದವನು ಕೊರೆದ ಹೆಸರು ನೋಡಿದ. ಚೂರು ಹಾರಿದೆಯೇ ಎಂದು ಬಾಯಂಚಿಗೆ ಉಗುರು ಆಡಿಸಿದ. ಎಲ್ಲ ಸರಿಯಿತ್ತು. ಕಿಟಕಿಗೆ ಹಿಡಿದ. ಎದುರು ಗೋಡೆಯ ಮೇಲೆ ನೀಲಿ ಬೆಳಕು ನಡುಗಿತು. ಆನಂದ ತಾಳದೆ ಕೂಗಿಬಿಟ್ಟ: "ನೋಡಲ್ಲೇ!"

ಯಾರಿಗೆ ಕೂಗಿದ? ಮನೆಯಲ್ಲಿ ಯಾರಿದ್ದರು?

ಸಣ್ಣವನಿದ್ದಾಗ ನವಿಲುಗರಿ ಸಿಕ್ಕರೂ ಸರಿ, ಗೋಲಿ ಸಿಕ್ಕರೂ ಸರಿ, ಮೊದಲು ಓಡುತ್ತಿದ್ದದ್ದು ಪಾರವ್ವನ ಹತ್ತಿರ. ಅವಳು ಕಣ್ಣರಳಿಸಿ "ಅಬಬಬ!" ಎಂದರೆ ಮಾತ್ರ ಸಿಕ್ಕದ್ದು ಸಿಕ್ಕ ಹಾಗೆ. ಹೂದಾನಿಯನ್ನು ಮತ್ತೆ ಅರಳೆಯಲ್ಲಿ ಸುತ್ತಿದ. ಕಾರು ಹತ್ತಿ ನರಗುಂದಕ್ಕೆ ಹೋದ.

ಪಾರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ನರೆತಿತ್ತು. ಅಣ್ಣನನ್ನು ಕಂಡು ಗಾಬರಿಯಾಗಿ ಎದ್ದಳು.

"ಯಾಕಣ್ಣಾ, ಆರಾಮ ಅದೀ ಇಲ್ಲ?"

"ಆರಾಮ ಅದೀನಿ. ನಿನಗೊಂದು ತೋರಸಾಕ ಬಂದೆ. ಹಿಡಿ ಇದನ್ನ."

ಪಾರವ್ವ ಎರಡೂ ಕೈ ಬೆನ್ನ ಹಿಂದೆ ಒಯ್ದಳು.

"ಬ್ಯಾಡಣ್ಣಾ, ನನ್ನ ಕೈಯಾಗ ಕೊಡಬ್ಯಾಡ. ಹೊಲಸು ಕೈ ಅದಾವು. ನೀನೇ ಹಿಡಿ, ನಾ ಇಲ್ಲಿಂದನ ನೋಡತೀನಿ."

ನೋಡಿದಳು. "ಚಂದ ಐತಿ" ಎಂದಳು. ಅಷ್ಟೇ.

ಕೊಂಕು ನುಡಿಯಲಿಲ್ಲ ಅವಳು. ನಿಜವಾಗಿ ಅಂಜಿದ್ದಳು. ಒಡಹುಟ್ಟಿದ ಅಣ್ಣನ ವಸ್ತು ಮುಟ್ಟಲು ಅಂಜಿದ್ದಳು! ಮಹಾರುದ್ರಪ್ಪನ ಕಣ್ಣು ತುಂಬಿ ಬಂತು. "ಹುಡುಗರು ಎಲ್ಲದಾರವಾ?" ಎಂದ.

"ಹುಡುಗರು ಎಲ್ಲಿ ಅಣ್ಣಾ! ಮಗಳಿಗೆ ಮದಿವಿ ಆಗಿ ಹೆಣ್ಣ ಕೂಸು ಐತಿ. ಮದಿವಿಗೆ ಕರಿಯಾಕ ಬಂದಾಗ ನೀ ಮುಂಬಯಿಗೆ ಹೋಗಿದ್ದಿ. ಮಗ ಬಿಜಾಪುರದಾಗ ಮಾಸ್ತರ ಅದಾನ."

ರೊಟ್ಟಿ ಬಡಿದು ಬಡಿಸಿದಳು. ಉಂಡ. ಹೊರಡುವಾಗ, "ಪಂಚಮಿಗೆ ಬಾರವಾ, ಮೊಮ್ಮಗಳನ್ನ ಕರಕೊಂಡು ಬಾ" ಎಂದ. "ನೋಡೂಣಣ್ಣಾ" ಎಂದಳು.

ಬಂದಳೇ ಎಂದು ಕೇಳುತ್ತೀರಿ. ಬಂದಳು, ಒಬ್ಬಳೇ. ಅವನು ತಾನೇ ನಿಂತು ಜೋಕಾಲಿ ಕಟ್ಟಿಸಿದ್ದ, ಗಾಜು ಇಟ್ಟ ಕಪಾಟುಗಳ ಬಾಗಿಲು ತೆರೆದಿಟ್ಟಿದ್ದ. ಅವಳು ಚಾಪೆಯ ಅಂಚಿನಲ್ಲಿ ಕೂತು ಸಂಜೆಯ ಬಸ್ಸಿಗೆ ಹೊರಟುಹೋದಳು. ಜೋಕಾಲಿ ಖಾಲಿ ತೂಗಿತು. ಹೂದಾನಿ ಕಾದರೆ ಸಿಕ್ಕಿತು. ಹೆಗಲೇರುತ್ತಿದ್ದ ಆ ಮಕ್ಕಳ ವಯಸ್ಸು ಎಷ್ಟು ಕಾದರೆ ಸಿಕ್ಕೀತು, ಹೇಳಿ?

ಈಗ ನಿಮ್ಮ ಮಾತಿಗೆ ಬರೋಣ. ನಮ್ಮಲ್ಲಿ ಅಂಥ ಗಾಜಿಲ್ಲ ಸ್ವಾಮಿ ಎಂದು ನಗಬೇಡಿ. ಪ್ಲಾಸ್ಟಿಕ್ ಹೊದಿಸಿದ ಸೋಫಾ ಇಲ್ಲವೇ? ಸೊಸೆ ಮುಟ್ಟಬಾರದ ಬೆಳ್ಳಿ ತಟ್ಟೆ? ಮಗು ಕಾಲಿಟ್ಟರೆ ಗದರುವ ಹೊಸ ಕಾರು? "ಮುಟ್ಟಬೇಡ" ಎಂದು ನೀವು ಒಮ್ಮೆ ಅಂದು ಮರೆಯುತ್ತೀರಿ. ಕೇಳಿದವರು ಮರೆಯುವುದಿಲ್ಲ.

ಪಂಚಮಿ ದೂರವಿಲ್ಲ. ಇವತ್ತು ಮನೆಗೆ ಹೋದವರೇ ತಂಗಿಗೆ ಫೋನ್ ಹಚ್ಚಿ. ಬಾ ಎಂದರೆ ಸಾಲದು, ಹುಡುಗರನ್ನು ಕರೆದುಕೊಂಡು ಬಾ ಎನ್ನಿ. ಬರಲಿ, ಓಡಾಡಲಿ, ಎಲ್ಲವನ್ನೂ ಮುಟ್ಟಲಿ. ಏನಾದರೂ ಒಡೆದರೆ ಎದ್ದು ಕಸಬರಿಗೆ ತನ್ನಿ. ಚೂರು ಗುಡಿಸಿ, ಮಗುವಿನ ಕಾಲಿಗೆ ಚುಚ್ಚಿತೇ ನೋಡಿ. ಒಡೆದದ್ದು ಏನೆಂದು ಆಮೇಲೆ ನೋಡಿದರಾಯಿತು.