ಒಂದು ಬಟ್ಟಲು ಗಂಜಿಗೆ ಏಳುನೂರ ಐವತ್ತು ಎಳೆತ

ಹಾಗಾಗಿ, ಆ ಗೋಡೆಯ ಪಟದಲ್ಲಿ ಬರೆದದ್ದು ಸುಳ್ಳು ಎಂದೇ ನಾನು ಎಂಟು ವರ್ಷ ನಂಬಿಕೊಂಡಿದ್ದೆ.

ಅಯ್ಯೋ, ತಡೆಯಿರಿ. ಮೊದಲು ಎಲ್ಲರ ಹೆಸರು ಹೇಳಬೇಕಂತೆ, ಆಮೇಲೆ ಕಥೆಯಂತೆ. ಶಾನಭಾಗರು ಮೊಣಕೈಯಲ್ಲಿ ತಿವಿದರು. ಈ ಸಭೆಯ ಅಧ್ಯಕ್ಷರಾದ ಕೃಷ್ಣಾನಂದ ಶಾನಭಾಗರೇ, ತಿವಿದದ್ದಕ್ಕೆ ವಂದನೆ. ಕುಮಟೆಯಿಂದ ಧೂಳು ಕುಡಿಯುತ್ತ ಬಸ್ಸಿನಲ್ಲಿ ಬಂದ ಡಾಕ್ಟರ ಸಾಹೇಬರೇ, ಇವತ್ತು ನಮ್ಮನ್ನು ಬಿಟ್ಟು ಭಟ್ಕಳದ ಕಡೆಯ ಶಾಲೆಗೆ ಹೊರಟಿರುವ ನಮ್ಮ ತ್ರ್ಯಂಬಕ ಹೆಗಡೆ ಮಾಸ್ತರೇ, ಅವರ ಮನೆಯವರಾದ ಮಹಾಲಕ್ಷ್ಮೀ ಅಮ್ಮನವರೇ, ಬೆಂಚಿನ ಮೇಲೆ ಕೂತವರೇ, ಬೆಂಚು ಸಿಗದೆ ನಿಂತವರೇ, ಹಿಂದಿನ ಜಗಲಿಯಲ್ಲಿ ಸಾರಿಗೆ ಒಗ್ಗರಣೆ ಹಾಕಿ ನಮ್ಮೆಲ್ಲರ ಮನಸ್ಸು ಕದಿಯುತ್ತಿರುವವರೇ, ಸಭಿಕರೇ.

ನಾನು ಜಟ್ಟ. ಜಟ್ಟ ಅಂಬಿಗ. ಮಿರ್ಜಾನದ ಕೆಳಗಿನ ತಾರಿಯಲ್ಲಿ ದೋಣಿ ದಾಟಿಸುವವ. ಎರಡನೇ ಇಯತ್ತೆ ತನಕ ಓದಿದ್ದೇನೆ. ಮೂರನೆಯದಕ್ಕೆ ನಾನು ಹೋಗಲಿಲ್ಲ, ಅದೂ ನನ್ನನ್ನು ಕರೆಯಲಿಲ್ಲ. ಇಲ್ಲಿ ಕೂತವರಲ್ಲಿ ನನ್ನ ದೋಣಿ ಹತ್ತದವರು ಯಾರಿದ್ದೀರಿ? ಕೈ ಎತ್ತಿ. ನೋಡಿ, ಒಂದು ಕೈಯೂ ಇಲ್ಲ. ಹಾಗಾದರೆ ನಾನು ಎಷ್ಟು ಮಾತಾಡಿದರೂ ನೀವು ಕೇಳಲೇಬೇಕು. ನಾಳೆ ನಡುಹೊಳೆಯಲ್ಲಿ ಸಿಗುತ್ತೀರಲ್ಲ.

ಈಗ ಆ ಪಟ ನೋಡಿ. ಶಾನಭಾಗರ ತಲೆಯ ಮೇಲೆ ತೂಗುತ್ತಿದೆ. ಒಬ್ಬ ಮನುಷ್ಯ, ಅವನ ಹೊಟ್ಟೆ, ಕರುಳು, ಎದೆ. ಕೈಯಲ್ಲಿ ಹುಟ್ಟು. ಮೀಸೆ ನನ್ನದೇ, ಹೊಟ್ಟೆ ಮಾತ್ರ ಮಾಸ್ತರು ಸ್ವಲ್ಪ ದೊಡ್ಡದು ಮಾಡಿದ್ದಾರೆ. ಕೆಳಗೆ ಬರೆದಿದೆ: 'ಒಂದು ಬಟ್ಟಲು ಗಂಜಿ, ಹುಟ್ಟಿನ ಏಳುನೂರ ಐವತ್ತು ಎಳೆತ.' ನಿಮ್ಮ ಮಕ್ಕಳು ಇದನ್ನು ಬಾಯಿಪಾಠ ಮಾಡಿದ್ದಾರೆ. ಪರೀಕ್ಷೆಯಲ್ಲಿ ಬರೆದಿದ್ದಾರೆ, ಅಂಕ ಹೊಡೆದಿದ್ದಾರೆ. ಪ್ರತಿ ಸಲ ಈ ಶಾಲೆಯ ಮುಂದೆ ಹಾಯುವಾಗ ಮಕ್ಕಳು ರಾಗ ಎಳೆದು ಅದನ್ನು ಹೇಳುವುದು ಕೇಳುತ್ತಿತ್ತು. ನಾನು ತಲೆ ತಗ್ಗಿಸಿ ಹೋಗುತ್ತಿದ್ದೆ. ಯಾಕೆ? ಹೇಳುತ್ತೇನೆ.

ಐವತ್ತೊಂಬತ್ತನೇ ಇಸವಿ. ಮಾಸ್ತರು ಈ ಶಾಲೆಗೆ ಹೊಸಬರು. ಹೊಳೆಯ ಆಚೆ ದಡದಲ್ಲಿ ಅವರ ಬಿಡಾರ, ಈಚೆ ದಡದಲ್ಲಿ ಶಾಲೆ, ನನ್ನ ಮನೆಯೂ ಈಚೆಗೇ. ಬೆಳಿಗ್ಗೆ ನಾನು ಖಾಲಿ ದೋಣಿಯಲ್ಲಿ ಹೋಗಬೇಕು, ಮಾಸ್ತರನ್ನು ತುಂಬಿಕೊಂಡು ಬರಬೇಕು. ಮಾಸ್ತರಿಗೆ ವಿಜ್ಞಾನವೆಲ್ಲ ಬರುತ್ತದೆ, ಈಜು ಬರುವುದಿಲ್ಲ. ಅದಕ್ಕಾಗಿ ನಡುಹೊಳೆ ಬರುವಷ್ಟರಲ್ಲಿ ಅವರಿಗೆ ಮಾತು ಜಾಸ್ತಿ.

ಒಂದು ದಿನ ಕೇಳಿದರು, "ಜಟ್ಟಾ, ನೀ ಎಳೀತೆ, ದೋಣಿ ಹೋಗ್ತದೆ. ಎಳೂಕೆ ಶಕ್ತಿ ಎಲ್ಲಿಂದ ಬಂತು?"

"ತೋಳಿಂದ ಮಾಸ್ತರೆ."

"ತೋಳಿಗೆ ಎಲ್ಲಿಂದ ಬಂತು?"

"ಅಪ್ಪನಿಂದ."

ಮಾಸ್ತರು ನಕ್ಕರು. ಆಮೇಲೆ ಹೇಳಿದರು ನೋಡಿ, ಆ ಮಾತು ಇವತ್ತಿಗೂ ಹೊಳೆಯ ಮೇಲೆ ನನಗೆ ಕೇಳುತ್ತದೆ. ನಾವು ಉಂಡ ಗಂಜಿ ಹೊಟ್ಟೆಯಲ್ಲಿ ಗಂಜಿಯಾಗಿ ಕೂರುವುದಿಲ್ಲವಂತೆ. ಕರಗಿ ಕರಗಿ, ತೀರ ಸಣ್ಣದಾಗಿ, ಸಕ್ಕರೆಯಂಥ ಒಂದು ವಸ್ತುವಾಗಿ ರಕ್ತಕ್ಕೆ ಇಳಿಯುತ್ತದಂತೆ. ರಕ್ತವೆಂದರೆ ಹೊಳೆ. ಆ ಹೊಳೆಗೆ ಸಾವಿರ ಕವಲು, ಕವಲು ಕವಲಿನ ದಡದಲ್ಲೂ ಮನೆ. ಉಸಿರಿನಲ್ಲಿ ಬಂದ ಗಾಳಿಯೂ ಅದೇ ಹೊಳೆಯಲ್ಲಿ ಬರುತ್ತದೆ. ಎರಡೂ ಸೇರಿದಲ್ಲಿ ಒಂದು ಬೆಂಕಿ. ಹೊಗೆ ಇಲ್ಲ, ಉರಿ ಕಾಣುವುದಿಲ್ಲ, ತಣ್ಣಗೆ ಉರಿಯುವ ಬೆಂಕಿ. ಅದಕ್ಕೇ ಮೈ ಬೆಚ್ಚಗೆ. ಅದಕ್ಕೇ ತೋಳು ಎಳೆಯುತ್ತದೆ. ನಾವು ಮಲಗಿದಾಗಲೂ ಅದು ಉರಿಯುತ್ತದೆ, ಯಾಕೆಂದರೆ ಎದೆಯೊಳಗೆ ಒಬ್ಬ ಕೂತು ಹುಟ್ಟು ಹಾಕುತ್ತಲೇ ಇರುತ್ತಾನಂತೆ. ಅವನಿಗೆ ಅಮಾವಾಸ್ಯೆಯ ರಜೆಯೂ ಇಲ್ಲ.

ಸಭಿಕರೇ, ಎರಡನೇ ಇಯತ್ತೆಯವನಿಗೆ ಇಷ್ಟು ಸಾಕಲ್ಲವೇ? ಅವತ್ತಿನಿಂದ ನಾನು ಸೊಕ್ಕಿನಿಂದ ಓಡಾಡಿದೆ. ಊರಿಗೆಲ್ಲ ಒಬ್ಬನೇ ಅಂಬಿಗ ಎಂದುಕೊಂಡಿದ್ದೆ. ನೋಡಿದರೆ ನನ್ನೊಳಗೂ ಒಂದು ಹೊಳೆ, ಒಂದು ತಾರಿ, ಒಬ್ಬ ಅಂಬಿಗ.

ಆಗ ಮಾಸ್ತರಿಗೆ ಒಂದು ಹುಚ್ಚು ಹಿಡಿಯಿತು. ಎಷ್ಟು ಗಂಜಿಗೆ ಎಷ್ಟು ಎಳೆತ ಎಂದು ಎಣಿಸಬೇಕು. ಕೈಯಲ್ಲಿ ನೀಲಿ ರಟ್ಟಿನ ಒಂದು ಬರೆಯುವ ಪಟ್ಟಿ, ಕಿವಿಯ ಮೇಲೆ ಪೆನ್ಸಿಲು. ದೋಣಿ ಹತ್ತುತ್ತಲೇ ಕೇಳುವುದು, "ಊಟ ಆತೇನೋ ಜಟ್ಟ?"

"ಆತು ಮಾಸ್ತರೆ."

"ಎಂತ?"

"ಗಂಜಿ. ಒಂದು ಬಟ್ಲು."

ಬರೆದುಕೊಳ್ಳುವುದು, ಎಳೆತ ಎಣಿಸುವುದು. ಚೈತ್ರ, ವೈಶಾಖ ಎರಡು ತಿಂಗಳು, ಶಾಲೆಗೆ ರಜೆ ಬಿದ್ದರೂ ಬಿಡದೆ, ಹೀಗೇ ನಡೆಯಿತು. ಆ ಎರಡು ತಿಂಗಳು ನಾನು ಹೇಳಿದ್ದು ಸತ್ಯ.

ಆಮೇಲೆ ಮಳೆ ಹಿಡಿಯಿತು. ನೆರೆ ಬಂದ ಹೊಳೆಯನ್ನು ಯಾರು ದಾಟುತ್ತಾರೆ? ಮಾಸ್ತರೊಬ್ಬರೇ. ಸುಗ್ಗಿಯಲ್ಲಿ ಊರವರು ಕೊಟ್ಟ ಭತ್ತ ಆಷಾಢಕ್ಕೆ ಮುಗಿಯುತ್ತ ಬಂತು. ಮನೆಯಲ್ಲಿ ನನ್ನ ಹೆಂಡತಿ ದುರ್ಗಿ ಹಸಿ ಬಾಣಂತಿ. ಸೋಮಿ ಹುಟ್ಟಿ ಹದಿನೈದು ದಿನ. ಬೆಳಿಗ್ಗೆ ಗಡಿಗೆಯಲ್ಲಿ ಒಂದೇ ಬಟ್ಟಲು ಗಂಜಿ. ಬಟ್ಟಲು ಒಂದು, ಹೊಟ್ಟೆ ಎರಡು, ಅಲ್ಲಲ್ಲ, ಮೂರು. ಏನು ಮಾಡಬೇಕು ನಾನು?

ದುರ್ಗಿ ಹೇಳಿದಳು, "ನೀವು ಉಣ್ಣಿ. ಹುಟ್ಟು ಹಾಕೂಕೆ ನಾ ಹೋಗ್ತ್ನಾ?"

ನಾನು ಹೇಳಿದೆ, "ನಂಗೆ ಮಾಸ್ತರ ಬಿಡಾರದಲ್ಲಿ ಆಗ್ತದ್ಯೆ ಮಾರಾಯ್ತಿ. ದಿನಾ ತೆಳ್ಳೇವು. ಕಾಗದ ಇದ್ದಂಗೆ ಇರ್ತದೆ. ಮೇಲೆ ಜೋನಿ ಬೆಲ್ಲ. ಬ್ಯಾಡ ಬ್ಯಾಡ ಅಂದ್ರೂ ಹಾಕ್ತ್ರು."

ಅವಳು ನಂಬಿದಳು. ಆ ತೆಳ್ಳನೆ ದೋಸೆಯ ಬಗ್ಗೆ ನಾನು ಅಷ್ಟು ಚಂದ ಹೇಳಿದ್ದೆ, ಹೇಳುತ್ತ ನನಗೇ ಬಾಯಲ್ಲಿ ನೀರು. ಅವಳು ಗಂಜಿ ಉಂಡಳು. ನಾನು ಎಲೆಯಡಿಕೆ ಜಗಿದು ಹೊಳೆಗೆ ಇಳಿದೆ. ಆಚೆ ದಡದಲ್ಲಿ ಮಾಸ್ತರು ಕೊಡೆ ಹಿಡಿದು ನಿಂತಿದ್ದರು.

"ಊಟ ಆತೇನೋ ಜಟ್ಟ?"

ಈಗ ನೀವೇ ಹೇಳಿ, ನಮ್ಮ ಕಡೆ ಈ ಪ್ರಶ್ನೆಗೆ ಯಾರಾದರೂ ಇಲ್ಲ ಎಂದದ್ದುಂಟೇ? ದಾರಿಯಲ್ಲಿ ಸಿಕ್ಕವರು ಕೇಳುವುದೇ ಅದು, ನಾವು ಹೇಳುವುದೇ 'ಆತು'. ಆಗದಿದ್ದರೂ ಆತು. ಇಲ್ಲವೆಂದರೆ ಮನೆಯ ಹೆಂಗಸಿನ ಮರ್ಯಾದೆ ಹೋಯಿತಲ್ಲ. ಮಾಸ್ತರು ಜಗತ್ತಿನ ವಿಜ್ಞಾನವನ್ನೆಲ್ಲ ಓದಿ, ಕೊನೆಗೆ ಲೆಕ್ಕವನ್ನು ಈ ಒಂದು ಪ್ರಶ್ನೆಯ ಮೇಲೆ ನಿಲ್ಲಿಸಿದ್ದರು!

"ಆತು ಮಾಸ್ತರೆ," ಎಂದೆ. "ಗಂಜಿ. ಒಂದು ಬಟ್ಲು."

ಈ ದಡದಲ್ಲಿ ಒಂದು ಸುಳ್ಳು, ಆ ದಡದಲ್ಲಿ ಒಂದು ಸುಳ್ಳು. ನಡುವೆ ನಾನು, ಎಳೆಯುತ್ತ. ಸಂಜೆ ಸುಟ್ಟ ಹಲಸಿನ ಬೀಜ, ಕೆಸುವಿನ ಸೊಪ್ಪು. ಬೆಳಿಗ್ಗೆ ಬರೀ ಮಳೆ.

ಹಸಿದವನಿಗೆ ಹೊಳೆ ಹೇಗೆ ಕಾಣುತ್ತದೆ ಗೊತ್ತೇ ನಿಮಗೆ? ಮೊದಲ ನಾಲ್ಕು ದಿನ ಹೊಟ್ಟೆ ಜಗಳ ಮಾಡುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಮೈ ಹಗುರ. ಕೈ ಯಾರದೋ, ಹುಟ್ಟು ಯಾರದೋ. ಮಂಜು ಹೊಳೆಯ ಮೇಲೆ ಇಳಿದು ಹೊಳೆಯೆಲ್ಲ ಗಂಜಿಯ ತಿಳಿಯ ಹಾಗೆ ಬೆಳ್ಳಗೆ. ದಡದ ಗುಡ್ಡ ಅನ್ನದ ರಾಶಿಯ ಹಾಗೆ, ಅದರ ಮೇಲೆ ಮೋಡ ಹಬೆಯ ಹಾಗೆ. ಒಂದು ದಿನ ನಾನು ಹುಟ್ಟನ್ನು ನೀರಿನಲ್ಲಿ ಅದ್ದಿ, ಸಟ್ಟುಗದ ಹಾಗೆ ತಿರುಗಿಸುತ್ತ ಕೂತಿದ್ದೆನಂತೆ. ತಳ ಹಿಡಿಯಬಾರದಲ್ಲ! ದೋಣಿ ಮಾತ್ರ ತಾರಿ ಬಿಟ್ಟು ಸಮುದ್ರದ ಕಡೆಗೆ ತಿರುಗಿತ್ತು. ಈಜು ಬಾರದ ಮಾಸ್ತರು ಕೂಗಲಿಲ್ಲ. ಮೆಲ್ಲಗೆ ಚೀಲದಿಂದ ಬೆಲ್ಲದ ಉಂಡೆ ತೆಗೆದು ನನ್ನ ಬಾಯಿಗೇ ಇಟ್ಟರು. ತಂಬಿಗೆಯ ನೀರು ಕೊಟ್ಟರು.

"ಇದು ಪ್ರಯೋಗದ ಎರಡನೇ ಭಾಗ," ಎಂದರು. "ಗಂಜಿ ಮೇಲೆ ಬೆಲ್ಲ ತಿಂದ್ರೆ ಎಂತ ಆಗ್ತದೆ ನೋಡ್ವ."

ಏನಾಯಿತು? ಗಂಜಿ ನಡೆದುಕೊಂಡು ಬಂದರೆ ಬೆಲ್ಲ ಓಡಿಬರುತ್ತದಂತೆ. ಸ್ವಲ್ಪ ಹೊತ್ತಿನಲ್ಲಿ ಗುಡ್ಡ ಗುಡ್ಡವಾಯಿತು, ಹೊಳೆ ಹೊಳೆಯಾಯಿತು, ನಾನು ಜಟ್ಟನಾದೆ. ಅವತ್ತಿನಿಂದ ದಿನಾ ಎರಡು ಉಂಡೆ ಬೆಲ್ಲ. ಪ್ರಯೋಗಕ್ಕೆ ಬೇಡ ಎನ್ನಲಿಕ್ಕಾಗುತ್ತದೆಯೇ?

ಅದೇ ದಿನಗಳಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದ ಒಂದು ಮಧ್ಯಾಹ್ನ, ದುರ್ಗಿ ಮಗುವನ್ನು ಕಟ್ಟಿಕೊಂಡು ದೋಣಿ ಹತ್ತಿದಳು. ಆಚೆ ದಡದಲ್ಲಿ ಮಹಾಲಕ್ಷ್ಮೀ ಅಮ್ಮನವರು ನಿಂತಿದ್ದರು. ನಾನು ಹಗ್ಗ ಕಟ್ಟುವಷ್ಟರಲ್ಲಿ ಇವಳು ಅವರೆದುರು ಕೈ ಮುಗಿದೇ ಬಿಟ್ಟಳು. "ಅಮ್ಮಾ, ನಿಮ್ಮ ತೆಳ್ಳೇವು ಅಂದ್ರೆ ಇವ್ರಿಗೆ ಜೀವ. ನಿಮ್ಮಿಂದ ನಮ್ಮನೆ ನಡೀತದೆ."

ನನ್ನ ಎದೆಯ ಅಂಬಿಗ ಹುಟ್ಟು ಕೈಬಿಟ್ಟ. ಅಮ್ಮನವರ ಮನೆಯ ಮೆಟ್ಟಿಲನ್ನೂ ನಾನು ಹತ್ತಿರಲಿಲ್ಲ! ಅವರು ನನ್ನ ಮುಖ ನೋಡಿದರು. ಮಗುವಿನ ಮುಖ ನೋಡಿದರು. "ಹೌದೇ ಮಾರಾಯ್ತಿ," ಎಂದರು, "ಎಷ್ಟ್ ಹಾಕಿರೂ ಸಾಕು ಹೇಳದೇ ಇಲ್ಲೆ, ನಿನ್ ಗಂಡ."

ಮಾರನೇ ದಿನ ಮಾಸ್ತರ ಚೀಲದಲ್ಲಿ ಬಾಳೆಲೆಯ ಪೊಟ್ಟಣ. ನಾಲ್ಕು ತೆಳ್ಳೇವು, ಜೋನಿ ಬೆಲ್ಲ. "ಪ್ರಯೋಗದ ಮೂರನೇ ಭಾಗ," ಎಂದರು ಮಾಸ್ತರು, ಹೊಳೆಯ ಕಡೆ ನೋಡುತ್ತ. ಕಾಗದದ ಹಾಗೇ ಇತ್ತು ಸಭಿಕರೇ. ನಾನು ಸುಳ್ಳು ಹೇಳಿದ ಹಾಗೇ ಇತ್ತು.

ಚೌತಿಯ ಹೊತ್ತಿಗೆ ಮಳೆ ತಗ್ಗಿತು. ಜನ ದಾಟಲು ಬಂದರು, ಒಲೆಯ ಮೇಲೆ ಗಡಿಗೆ ತುಂಬಿತು. ಮಾಸ್ತರು ಪ್ರಯೋಗ ಮುಗಿಯಿತು ಎಂದರು, ಈ ಪಟ ಬರೆದು ತೂಗಿಸಿದರು. ನಾನು ನೋಡಿ ಬೆವರಿದೆ. ಉಣ್ಣದ ಗಂಜಿಯೂ ಲೆಕ್ಕದಲ್ಲಿ ಸೇರಿದೆಯಲ್ಲ! ಇಂಥ ಒಳ್ಳೆ ಮನುಷ್ಯನ ವಿದ್ಯೆಗೆ ನಾನು ಕಲ್ಲು ಹಾಕಿದೆನಲ್ಲ! ಹೇಳಬೇಕು, ಹೇಳಬೇಕು ಎಂದು ಎಂಟು ವರ್ಷ. ದಿನಕ್ಕೆ ಎರಡು ಸಲ ದಾಟಿಸಿದೆ, ಒಂದು ಸಲವೂ ಬಾಯಿ ಬಿಡಲಿಲ್ಲ. ಮಾಸ್ತರಿಗೆ ವರ್ಗ ಎಂದು ಕೇಳಿದ ಮೇಲೆ ಶಾನಭಾಗರ ಕಾಲು ಹಿಡಿದು ಈ ಭಾಷಣ ಬೇಡಿಕೊಂಡೆ. ಇಲ್ಲಿ, ಎಲ್ಲರೆದುರು, ತಪ್ಪಾಯಿತು ಎಂದು ಹೇಳುವವನಿದ್ದೆ.

ಇವತ್ತು ಬೆಳಿಗ್ಗೆ ಮಾಸ್ತರ ಟ್ರಂಕು ದಾಟಿಸಿದೆ. ನನ್ನ ಸೋಮಿಯೂ ದೋಣಿಯಲ್ಲಿದ್ದಳು, ಈಗ ಮೂರನೇ ಇಯತ್ತೆ. ನನಗಿಂತ ಒಂದು ಮೆಟ್ಟಿಲು ಮೇಲೆ. ಮಾಸ್ತರು ಆ ನೀಲಿ ಪಟ್ಟಿಯನ್ನು ಅವಳ ಕೈಗಿಟ್ಟು, "ಹಿಂದಿನ ಹಾಳೆಯೆಲ್ಲ ಖಾಲಿ ಅದೆ. ಬರ್ಕೊ," ಎಂದು ದಡ ಹತ್ತಿ ಹೋದರು. ನಾನು ದೋಣಿಯ ನೀರು ಮೊಗೆಯುತ್ತಿದ್ದೆ.

"ಅಪ್ಪಾ, ಇದ್ರಲ್ಲಿ ನಿನ್ ಹೆಸ್ರು ಬರ್ದಾರೆ."

"ಓದು."

ಅವಳು ಬೆರಳಿಟ್ಟು ಓದಿದಳು. 'ಜಟ್ಟನ ಉಸಿರಿನಲ್ಲಿ ಹಸಿದವರ ಹುಳಿ ವಾಸನೆ. ಹೊರಗಿನ ಅಕ್ಕಿ ಬಾರದಿದ್ದರೆ ದೇಹ ತನ್ನ ಅಟ್ಟದ ಕೊಬ್ಬನ್ನೇ ತೆಗೆದು ಉರಿಸುತ್ತದೆ. ಊಟ ಆಗಿಲ್ಲ. ಕೇಳಿದರೆ ಆತು ಎನ್ನುತ್ತಾನೆ. ಇಂದಿನ ಎಳೆತ ಲೆಕ್ಕಕ್ಕೆ ಹಿಡಿಯಬಾರದು.' ಮುಂದಿನ ಹಾಳೆ, 'ಊಟ ಆಗಿಲ್ಲ. ಬೆಲ್ಲ ಎರಡು ಉಂಡೆ.' ಅದರ ಮುಂದಿನದು, 'ಊಟ ಆಗಿಲ್ಲ.' ಹಾಳೆ ಹಾಳೆಗೂ ಅಡ್ಡಗೀಟು. ಚೌತಿಯ ಮಾರನೇ ದಿನ ಮಾತ್ರ ಒಂದು ಸಾಲು, ಕೆಂಪು ಪೆನ್ಸಿಲಿನಲ್ಲಿ: 'ಇಂದು ಗಂಜಿ ಉಂಡಿದ್ದಾನೆ. ನಿಜ.'

ಎಲೆಯಡಿಕೆ ಹಾಕಿ ಮುಚ್ಚಿಟ್ಟೆ ಎಂದುಕೊಂಡಿದ್ದೆ ನಾನು!

ಹಾಗಾಗಿ ಸಭಿಕರೇ, ಪಟದ ಲೆಕ್ಕ ಸರಿಯೇ ಇದೆ. ಚೈತ್ರ ವೈಶಾಖದ ಲೆಕ್ಕ ಅದು. ನಿಮ್ಮ ಮಕ್ಕಳ ಅಂಕವನ್ನು ಯಾರೂ ಕಸಿಯುವುದಿಲ್ಲ. ಆದರೆ ಉಳಿದ ಎಳೆತಗಳು? ಅಡ್ಡಗೀಟಿನ ಕೆಳಗಿನವು? ಅವಕ್ಕೆ ಶಕ್ತಿ ಎಲ್ಲಿಂದ ಬಂತು? ಸ್ವಲ್ಪ ನನ್ನ ಅಟ್ಟದಿಂದ. ಸ್ವಲ್ಪ ಮಾಸ್ತರ ಚೀಲದಿಂದ. ನಾನು ಬಿಟ್ಟ ಗಂಜಿ ದುರ್ಗಿಯ ಎದೆಯಲ್ಲಿ ಹಾಲಾಗಿ, ಆ ಹಾಲು ಒಂದು ಮಗುವಿನ ಬೆರಳಾಗಿ, ಇವತ್ತು ಅದೇ ಬೆರಳು ಆ ಸಾಲಿನ ಮೇಲೆ ಓಡಿತು. ಅನ್ನ ಎಷ್ಟು ದಡ ದಾಟುತ್ತದೆ ನೋಡಿ, ದೋಣಿಯೇ ಇಲ್ಲದೆ.

ದುರ್ಗೀ, ಹಂಗೆ ನೋಡಬ್ಯಾಡ್ವೆ. ಹೌದು, ಉಂಡಿರಲಿಲ್ಲ. ಇದನ್ನು ನಿನಗೆ ಹೇಳಬೇಕೆಂದು ನಾನು ಎದ್ದು ನಿಂತದ್ದಲ್ಲ, ಬಾಯಿ ಜಾರಿ ಹೋಯಿತು. ಸೆರಗು ಬಾಯಿಂದ ತೆಗಿ. ಮನೆಗೆ ಹೋದ ಮೇಲೆ ಬೈಯುವಿಯಂತೆ, ಎಂಟು ವರ್ಷದ್ದು ಒಟ್ಟಿಗೇ.

ಮಾಸ್ತರೇ, ಭಟ್ಕಳದ ಕಡೆಯ ಮಕ್ಕಳಿಗೂ... ಅರೆ, ಮಾಸ್ತರು ಎಲ್ಲಿ? ಎದ್ದು ಜಗಲಿಯ ಬಾಗಿಲಿಗೆ ಹೋಗಿದ್ದಾರೆ. ಎಲೆ ಹಾಕಿ ಆಯಿತೆಂದು ಅಮ್ಮನವರು ಕೈ ಮಾಡಿ ಕರೆಯುತ್ತಿದ್ದಾರೆ. ಎಂತ ಮಾಸ್ತರೆ? ಗದ್ದಲದಲ್ಲಿ ಕೇಳಲಿಲ್ಲ. ಎಲ್ಲರೂ ಸ್ವಲ್ಪ ಸುಮ್ಮನಿರಿ, ಮಾಸ್ತರು ನನಗೆ ಏನೋ ಕೇಳುತ್ತಿದ್ದಾರೆ.

ಊಟ ಆತೇನೋ ಅಂತ ಕೇಳ್ತ್ರಾ?

ಅಧ್ಯಕ್ಷರಿಗೆ, ಡಾಕ್ಟರ ಸಾಹೇಬರಿಗೆ, ಕೂತವರಿಗೆ, ನಿಂತವರಿಗೆ, ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮ್ಮೆಲ್ಲರಿಗೆ ವಂದನೆ, ನಮಸ್ಕಾರ.

ಇಲ್ಲ ಮಾಸ್ತರೆ. ಆಗ್ಲಿಲ್ಲ. ಬಂದೆ.