ಅತ್ತೆಯ ಶೇಂಗಾ

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮುರಿನ ಬಸ್ಸಿಗೆ ಕಾಯುತ್ತಿದ್ದ ಸುಲೋಚನಮ್ಮನ ಪಕ್ಕದಲ್ಲೇ, ಆಗಷ್ಟೇ ಬಸ್ಸಿಳಿದ ಯುವತಿಯೊಬ್ಬಳು ತನ್ನ ಸೋದರಮಾವನ ಜೊತೆ ಕುಳಿತಳು. ಬೇಡವೆಂದರೂ ಅವರ ಮಾತು ಸುಲೋಚನಮ್ಮನ ಕಿವಿಗೆ ಬಿತ್ತು.

“ಮಾವ, ಅತ್ತೆ ಬಿತ್ತುತಿದ್ದ ಹಳೇ ಶೇಂಗಾ ಒಂದು ಹಿಡಿ ಸಿಕ್ರೂ ಸಾಕು.”

“ಹೋದ್ ವರ್ಷ ಒಯ್ದಿದ್ಯಲ್ಲ ರಶ್ಮಿತಾ, ಅದೇನಾಯ್ತು?”

“ಯೂನಿವರ್ಸಿಟೀಲಿ ಬೆಳೆಸಿ, ಬೇರಿನ ಒಂದೊಂದೇ ಜೀವಕೋಶ ಬಿಡಿಸಿಟ್ಟಿದ್ದೆ. ಮಳೆ ಹೋದ್ರೂ ಗಿಡಾನ ಯಾವ ಕೋಶ ಉಳಿಸ್ತೈತೆ ಅಂತ ನೋಡೋದಿತ್ತು. ಫ್ರೀಜರ್ ಕೆಟ್ಟು ಎಲ್ಲಾ ಹಾಳಾಯ್ತು.”

“ಬೇರೆ ಶೇಂಗಾ ಆಗಲ್ವೇನಮ್ಮ?”

“ಬರ ತಾಳೋ ಆ ಗುಣ ಬೇರೇದಕ್ಕಿಲ್ಲ. ಪಿಎಚ್‌ಡಿ ಆದ್ಮೇಲೆ ಇದೊಂದನ್ನೇ ನಂಬ್ಕೊಂಡಿದೀನಿ. ಫೆಲೋಶಿಪ್ಪೂ ಮುಗೀತಾ ಐತೆ.”

ಮಾವ ತಲೆ ತಗ್ಗಿಸಿದ.

“ನಿಮ್ಮತ್ತೆ ಹೋದ್ಮೇಲೆ ನಾನು ಬಿತ್ತಲಿಲ್ಲ. ಬೀಜದ ಕಾಯೆಲ್ಲ ಎಣ್ಣೆ ಮಿಲ್ಲಿಗೆ ಹಾಕ್ಬಿಟ್ಟೆ.”

“ಊರಲ್ಲಿ ಇನ್ಯಾರತ್ರಾನೂ ಇಲ್ವಾ?”

“ಎಲ್ಲರ ಮನೇಲೂ ಕೇಳ್ದೆ. ಅದನ್ನ ಬಿತ್ತುತಿದ್ದೋಳು ಅವಳೊಬ್ಳೇ.”

“ಫೋನಲ್ಲೇ ಹೇಳ್ಬಾರ್ದಿತ್ತಾ ಮಾವ?”

“ನೀನು ಅಷ್ಟು ಆಸೆಯಿಂದ ಕೇಳ್ದೆ. ಬಾಯಿ ಬರ್ಲಿಲ್ಲಮ್ಮ.”

ಏನಾದರೂ ಸಮಾಧಾನ ಹೇಳೋಣವೆಂದು ಸುಲೋಚನಮ್ಮನಿಗೆ ಅನಿಸಿತು, ಅಷ್ಟರಲ್ಲಿ ಮಾವ ಎದ್ದು ನಿಂತ.

“ನಮ್ಮ ನನ್ನಿವಾಳದ ಬಸ್ ಬಂತು. ಮನೆಗೆ ಬಾ, ಉಂಡು ಹೋಗೀಯಂತೆ.”

“ಬ್ಯಾಡ ಮಾವ, ವಾಪಸ್ ಹೋಗ್ತೀನಿ.”

ಅವಳು ಬೆಂಗಳೂರಿನ ಬಸ್ಸಿನತ್ತ ನಡೆದಳು. ಮಾವ ತನ್ನ ಬಸ್ಸನ್ನು ಬಿಟ್ಟು ಅವಳ ಹಿಂದೆಯೇ ಹೋದ.